ಕೆಳಗೆ ಯಾರೂ ಇಲ್ಲ

ವಿಶಾಖಪಟ್ಟಣಕ್ಕೆ ಬರುವ ನಮ್ಮ ನೆಂಟರಿಗೆಲ್ಲ ನಾನೇ ಗೈಡು. ಧಾರವಾಡದ ಕಡೆಯಿಂದ ಫೋನು ಬರುತ್ತದೆ, ‘ಎರಡು ದಿನಕ್ಕ ಬರ್ತೀವಿ, ಅರಕು ತೋರಸ್ತೀಯೇನು?’ ಅಂತ. ನಾನು ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತೇನೆ. ಬೆಳಿಗ್ಗೆ ಆರಕ್ಕೆ ನಮ್ಮ ಮನೆಯಿರುವ ಪೆಂಡುರ್ತಿ ಬಿಡಬೇಕು. ಶೃಂಗವರಪುಕೋಟ ದಾಟಿದ ಮೇಲೆ ಘಾಟಿ ಶುರುವಾಗುತ್ತದೆ, ತಲೆ ಸುತ್ತುವವರು ಮುಂದಿನ ಸೀಟಿನಲ್ಲಿ ಕೂರಬೇಕು. ಅನಂತಗಿರಿಯ ಕಾಫಿ ತೋಟದ ಹತ್ತಿರ ಇಳಿದು ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನೋಡಬೇಕು. ಬೊರ್ರಾ ಗುಹೆಗೆ ಹವಾಯಿ ಚಪ್ಪಲಿ ಹಾಕಿಕೊಂಡು ಬಂದರೆ ಜಾರಿ ಬೀಳುತ್ತೀರಿ. ಬಿದಿರಿನ ಬೊಂಬಿನಲ್ಲಿ ಬೇಯಿಸಿದ ಕೋಳಿ ತಿನ್ನುವವರು ತಿನ್ನಲಿ, ತಿನ್ನದವರಿಗೆ ಸುಟ್ಟ ಜೋಳದ ತೆನೆ ಇದೆ. ಚಳಿಗಾಲವಾದರೆ ಮೋಡಗಳನ್ನು ಮೇಲಿನಿಂದ ನೋಡುವ ಗುಡ್ಡವೂ ಇದೆ, ಆದರೆ ಅಲ್ಲಿಗೆ ಬೆಳಕು ಹರಿಯುವ ಮೊದಲೇ ಹತ್ತಬೇಕು, ಸೋಮಾರಿಗಳ ಕೆಲಸವಲ್ಲ.

ಇಷ್ಟೆಲ್ಲ ಹೇಳುವ ನಾನು ಒಂದು ಜಲಪಾತದ ಹೆಸರು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಯಾರಾದರೂ ಮೊಬೈಲಿನಲ್ಲಿ ಫೋಟೋ ತೋರಿಸಿ ‘ಇದು ಎಲ್ಲಿ ಬರ್ತದ?’ ಎಂದರೆ, ರಸ್ತೆ ಕೆಟ್ಟಿದೆ ಎಂದು ಸುಳ್ಳು ಹೇಳುತ್ತೇನೆ. ರಸ್ತೆ ಚೆನ್ನಾಗಿಯೇ ಇದೆ. ನನಗೆ ಅಲ್ಲಿಗೆ ಇನ್ನೊಮ್ಮೆ ಹೋಗಲು ಭಯ, ಅಷ್ಟೇ.

ನಾನು ಇಲ್ಲಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಸುರಕ್ಷತೆ ನೋಡಿಕೊಳ್ಳುವವನು. ಇಪ್ಪತ್ತು ವರ್ಷ ದಾಟಿತು. ನನ್ನ ಹೆಂಡತಿ ವಿಜಯವಾಡದ ಭವಾನಿಪುರಂನವಳು. ಅವರ ಮುತ್ತಾತನ ಕಾಲಕ್ಕೆ ಬಳ್ಳಾರಿ ಬಿಟ್ಟು ಬಂದ ಮನೆತನ. ತೆಲುಗರಲ್ಲಿ ಹೆಣ್ಣು ಕೊಟ್ಟು ತಂದು ಅರ್ಧ ತೆಲುಗರೇ ಆಗಿದ್ದಾರೆ. ಕನ್ನಡ ಉಳಿದಿರುವುದು ಅಡುಗೆಮನೆಯಲ್ಲಿ ಮತ್ತು ಹಿರಿಯರ ಬಾಯಲ್ಲಿ. ನನ್ನ ಮಗಳಿಗೆ ಅಪ್ಪ ಎನ್ನುವುದನ್ನು ಕಲಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ, ಅವಳು ನನ್ನನ್ನು ತೆಲುಗಿನಲ್ಲಿ ‘ನಾನ್ನ’ ಎಂದೇ ಕರೆಯುತ್ತಾಳೆ.

ನಮ್ಮ ಮಾವ ಕೃಷ್ಣಾ ನದಿಯ ಬ್ಯಾರೇಜಿನಲ್ಲಿ ಗೇಟು ಎತ್ತುವ ಕೆಲಸದಲ್ಲಿದ್ದು ನಿವೃತ್ತರಾದವರು. ಗೇಟು ಎತ್ತುವ ಮುಂಚೆ ಸೈರನ್ ಹಾಕಬೇಕು. ಕೆಳಗೆ ಮರಳಿನಲ್ಲಿ ಎಮ್ಮೆ ತೊಳೆಯುವವರು, ಬಲೆ ಬೀಸುವವರು ಎದ್ದು ಹೋಗಲಿ ಎಂದು. ಮಾವ ಸೈರನ್ ಹಾಕಿಸಿ ಸುಮ್ಮನೆ ನಿಲ್ಲುತ್ತಿರಲಿಲ್ಲವಂತೆ. ಸೇತುವೆಯ ಉದ್ದಕ್ಕೂ ನಡೆದು, ಕಟಕಟೆಗೆ ಬಗ್ಗಿ, ಕೆಳಗೆ ಕಣ್ಣಾರೆ ನೋಡಿ ಬಂದ ಮೇಲೆಯೇ ಗೇಟಿಗೆ ಕೈ ಎತ್ತಿ ಸನ್ನೆ ಮಾಡುತ್ತಿದ್ದರಂತೆ. ಇದನ್ನು ನನಗೆ ನೂರು ಸಲ ಹೇಳಿದ್ದಾರೆ. ನೂರು ಸಲವೂ ನಾನು, ಹಳೇ ಕಾಲದವರ ಪದ್ಧತಿ ಎಂದು ಒಳಗೊಳಗೇ ನಕ್ಕಿದ್ದೇನೆ.

ನಮ್ಮದು ಹೊಸ ಕಾಲದ ಪದ್ಧತಿ. ಕಾರ್ಖಾನೆಯಲ್ಲಿ ದೊಡ್ಡ ಟ್ಯಾಂಕುಗಳನ್ನು ತೊಳೆಯಲು ಜನ ಒಳಗೆ ಇಳಿಯುತ್ತಾರೆ. ಒಬ್ಬ ಮನುಷ್ಯ ತೂರುವಷ್ಟೇ ಬಾಯಿ. ಬಾಯಿಯ ಪಕ್ಕದಲ್ಲಿ ಒಂದು ಹಲಗೆ, ಹಲಗೆಗೆ ಮೊಳೆಗಳು. ಒಳಗೆ ಇಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ಹಾಕಿ ಇಳಿಯಬೇಕು, ಮೇಲೆ ಬಂದವನು ತೆಗೆದುಕೊಳ್ಳಬೇಕು. ಹಲಗೆ ಖಾಲಿಯಾಯಿತೆಂದರೆ ಒಳಗೆ ಯಾರೂ ಇಲ್ಲ. ಆಗ ನಾನು ಕಾಗದಕ್ಕೆ ಸಹಿ ಹಾಕುತ್ತೇನೆ, ಅವರು ಬಾಯಿ ಮುಚ್ಚಿ ಬೋಲ್ಟು ಬಿಗಿಯುತ್ತಾರೆ. ಲೆಕ್ಕ ಪಕ್ಕಾ.

ಮಾವನಿಗೆ ಇದನ್ನು ವಿವರಿಸಿದಾಗ ಅವರು ಮಜ್ಜಿಗೆ ಲೋಟ ಕೆಳಗಿಟ್ಟು ಕೇಳಿದ್ದರು: ‘ಅಲ್ಲಾ ಅಳಿಯಗಾರೂ, ಬಿಲ್ಲೆ ಮೇಲೆ ಬಂತು ಅಂದ್ರೆ ಮನುಷ್ಯ ಬಂದ ಅಂತ ಏನು ಗ್ಯಾರಂಟಿ?’

‘ನಿಯಮ ಅದರೀ ಮಾವಾರ. ತಮ್ಮ ಬಿಲ್ಲೆ ತಾವೇ ತಗೀಬೇಕು.’

‘ನಿಯಮ ಇರಲಿ. ನೀವು ಒಂದ್ಸಲ ತಲೆ ಒಳಗೆ ಹಾಕಿ ನೋಡಲ್ವಾ?’

‘ನೋಡೋ ಜರೂರಿಲ್ಲರೀ.’

ಜರೂರಿತ್ತು, ಮತ್ತು ಅದು ನನಗೆ ಆಗಲೇ ಗೊತ್ತಿತ್ತು. ಇದನ್ನು ಈಗ ಬರೆಯುತ್ತಿದ್ದೇನೆ, ಅಂದು ಯಾರಿಗೂ ಹೇಳಿರಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಹಲಗೆ ಖಾಲಿಯಾಗಿತ್ತು. ನಾನು ಸಹಿಗೆಂದು ಪೆನ್ನು ತೆಗೆದಿದ್ದೆ. ಅಷ್ಟರಲ್ಲಿ ಟ್ಯಾಂಕಿನ ಬಾಯಿಯಿಂದ ಒಂದು ಕೈ, ಆಮೇಲೆ ಒಂದು ತಲೆ ಮೇಲೆ ಬಂತು. ಮುಖ ಒರೆಸಿಕೊಳ್ಳುತ್ತ ಒಬ್ಬ ಕೆಲಸಗಾರ ಹೊರಗೆ ಬಂದು, ಟಾರ್ಚು ಮರೆತಿದ್ದೆ ಸಾರ್ ಎಂದ. ಅವನ ಬಿಲ್ಲೆಯನ್ನು ಅವನ ಜೊತೆಗಾರ ಆಗಲೇ ತೆಗೆದುಕೊಂಡು ಚಹಾಕ್ಕೆ ಹೋಗಿದ್ದ. ಚಹಾದ ಹೊತ್ತಿಗೆ ಒಬ್ಬನೇ ನಾಲ್ಕು ಜನರ ಬಿಲ್ಲೆ ಬಾಚಿಕೊಂಡು ಹೋಗುವುದು ಅಲ್ಲಿ ರೂಢಿ. ನಾನು ಬೈದೆ, ಅವನು ಹಲ್ಲು ಕಿರಿದ, ನಾನೂ ನಕ್ಕೆ. ವರದಿ ಬರೆಯಬೇಕಿತ್ತು. ಬರೆದರೆ ನನ್ನ ಮೇಲೂ ಬರುತ್ತದೆ ಎಂದು ಬರೆಯಲಿಲ್ಲ. ಆ ತಲೆ ಆಗಾಗ ಕನಸಿನಲ್ಲಿ ಬರುತ್ತಿತ್ತು, ಆದರೆ ಹಲಗೆಯ ಮೇಲಿನ ನಂಬಿಕೆಯನ್ನು ನಾನು ಬಿಡಲಿಲ್ಲ. ಬಿಟ್ಟರೆ ನನ್ನ ಕೆಲಸಕ್ಕೆ ಅರ್ಥವೇನು ಉಳಿಯುತ್ತಿತ್ತು?

ಬಿಡುವುದಿರಲಿ, ಅದನ್ನು ಮನೆಗೂ ತಂದೆ. ಒಂದು ಸಲ ಬೊರ್ರಾ ಗುಹೆಯ ಜನಜಂಗುಳಿಯಲ್ಲಿ ಮಗಳು ಹತ್ತು ನಿಮಿಷ ಕಾಣದೆ ಹೋದಳು. ಅಂದಿನಿಂದ ಬೆಟ್ಟಕ್ಕೆ ಹೋದಾಗಲೆಲ್ಲ ನನ್ನ ಚೀಲದಲ್ಲಿ ಕಾರ್ಖಾನೆಯ ಹಳೆಯ, ಬಳಕೆಯಿಂದ ತೆಗೆದ ಹಿತ್ತಾಳೆ ಬಿಲ್ಲೆಗಳಿರುತ್ತಿದ್ದವು. ಗುಹೆಯೋ ಜಲಪಾತವೋ ಇಳಿಯುವವರ ಕೈಗೆ ಒಂದೊಂದು ಬಿಲ್ಲೆ. ಮೇಲೆ ಬಂದ ಕೂಡಲೇ ಸ್ಟೀಲ್ ಡಬ್ಬಿಗೆ ಹಾಕಬೇಕು. ಡಬ್ಬಿಯ ಲೆಕ್ಕ ಸರಿಯಾದರೆ ಗಾಡಿ ಹೊರಡುತ್ತದೆ. ನೆಂಟರೆಲ್ಲ ನನ್ನನ್ನು ಆಡಿಕೊಂಡು ನಗುತ್ತಿದ್ದರು. ಭಾವ, ಅಂದರೆ ಹೆಂಡತಿಯ ಅಣ್ಣ, ಬಿಲ್ಲೆಯನ್ನು ಹಣೆಗೆ ಒತ್ತಿಕೊಂಡು ‘ಪ್ರಸಾದ’ ಎನ್ನುತ್ತಿದ್ದರು. ನನಗೆ ಬೇಜಾರಿರಲಿಲ್ಲ. ನಗುವವರು ನಗಲಿ, ನನ್ನ ಲೆಕ್ಕ ತಪ್ಪುವುದಿಲ್ಲವಲ್ಲ ಎಂಬ ಜಂಬ ನನಗಿತ್ತು.

ಆ ಕಾರ್ತಿಕದಲ್ಲಿ ವಿಜಯವಾಡದಿಂದ ಮಾವ, ಅತ್ತೆ, ಭಾವ, ಅವರ ಹೆಂಡತಿ ನಾಲ್ವರೂ ಬಂದರು. ಕಾರ್ತಿಕ ಮಾಸದಲ್ಲಿ ನೆಲ್ಲಿ ಮರದ ಕೆಳಗೆ ಕೂತು ಊಟ ಮಾಡುವುದು ಇಲ್ಲಿನವರಿಗೆ ದೊಡ್ಡ ವಿಷಯ. ವನಭೋಜನವನ್ನು ಬೆಟ್ಟದ ಮೇಲೆಯೇ ಮಾಡೋಣ ಎಂದು ನಾನೇ ಹಟ ಹಿಡಿದೆ. ಸಮುದ್ರದಲ್ಲಿ ವಾಯುಭಾರ ಕುಸಿತ ಎಂದು ಟಿವಿಯಲ್ಲಿ ಎರಡು ದಿನದಿಂದ ಹೇಳುತ್ತಿದ್ದರು. ಪೆಂಡುರ್ತಿಯಲ್ಲಿ ಮಾತ್ರ ಹನಿ ಮಳೆಯಿಲ್ಲ, ಎಲೆ ಅಲುಗುವಷ್ಟು ಗಾಳಿಯೂ ಇಲ್ಲ. ಆ ಮಂಕು ನನಗೂ ಹಿಡಿಸಲಿಲ್ಲ, ಆದರೆ ಬಾಡಿಗೆ ಗಾಡಿ ಬಂದು ಬಾಗಿಲಲ್ಲಿ ನಿಂತಿತ್ತು.

ಅತ್ತೆಗೆ ಸಿಂಹಾಚಲಂ ಬೆಟ್ಟಕ್ಕೆ ಹೋಗಿ ಅಲ್ಲಿನ ದೇವರು ಅಪ್ಪನ್ನನ ದರ್ಶನ ಮಾಡಿಕೊಂಡೇ ಮುಂದೆ ಹೋಗಬೇಕೆಂದು ಆಸೆ. ‘ಇಲ್ಲೇ ಪಕ್ಕದಲ್ಲಿ ಇಟ್ಕೊಂಡು ಒಂದು ನಮಸ್ಕಾರ ಹಾಕದೆ ಹೋಗೋದಾ?’ ಎಂದರು.

‘ನಾಳೆ ಹೋಗೋಣರೀ ಅತ್ತಿಯವರ. ಈಗ ಹೋದ್ರ ಕ್ಯೂನ್ಯಾಗ ಮಧ್ಯಾಹ್ನ ಆಗ್ತದ’ ಎಂದೆ.

ಅವರು ಕಾರಿನ ಕಿಟಕಿಯಿಂದಲೇ ಆ ಬೆಟ್ಟದ ಕಡೆಗೆ ಕೈ ಮುಗಿದರು. ಬೆಟ್ಟದ ತಲೆ ಮೋಡದಲ್ಲಿ ಹೂತುಹೋಗಿತ್ತು. ನಾನು ಶಕುನ ನಂಬುವವನಲ್ಲ. ಆದರೂ ಆ ಮುಗಿದ ಕೈಗಳು ನನ್ನ ಕಣ್ಣ ಮುಂದೆ ಈಗಲೂ ಇವೆ.

ಘಾಟಿಯಲ್ಲಿ ಎರಡು ಕಡೆ ರಸ್ತೆಗೆ ಕಲ್ಲು ಉರುಳಿತ್ತು. ದೊಡ್ಡವಲ್ಲ, ತಲೆಯಷ್ಟು ಗಾತ್ರದವು. ಡ್ರೈವರು ಎರಡನೆಯ ಕಡೆ ಗಾಡಿ ನಿಲ್ಲಿಸಿ, ತಲೆಯೆತ್ತಿ ಮೇಲಿನ ಮಣ್ಣನ್ನು ನೋಡಿ, ಮತ್ತೆ ಹೊರಟ. ಯಾವಾಗಲೂ ರಸ್ತೆಯ ಕಟ್ಟೆಯ ಮೇಲೆ ಸಾಲಾಗಿ ಕೂತು ಬಾಳೆಹಣ್ಣಿಗೆ ಕಾಯುವ ಕೋತಿಗಳು ಅಂದು ಒಂದೂ ಇರಲಿಲ್ಲ. ಮಗಳು ಅವಕ್ಕೆಂದು ತಂದಿದ್ದ ಹಣ್ಣನ್ನು ಮಡಿಲಲ್ಲಿಟ್ಟುಕೊಂಡು ‘ಎಲ್ಲಿ ಹೋದ್ವು ನಾನ್ನ?’ ಎಂದು ನಾಲ್ಕು ಸಲ ಕೇಳಿದಳು. ಮಂಜಿಗೆ ಒಳಗೆ ಹೋಗಿರಬೇಕು ಎಂದೆ. ಮಾವ ಮಾತ್ರ ಕಿಟಕಿಯಿಂದ ಹಳ್ಳಗಳನ್ನು ನೋಡುತ್ತಿದ್ದರು. ಪ್ರತಿ ಮೋರಿಯ ಮೇಲೆ ಹೋಗುವಾಗಲೂ ಬಗ್ಗಿ ನೀರು ನೋಡುವುದು ಅವರ ಅಭ್ಯಾಸ. ‘ಮೇಲೆ ಎಲ್ಲೋ ಜೋರು ಬಿದ್ದಿದೆ’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ನೆಲ್ಲಿ ಮರ ಹುಡುಕಿ, ಜಮಖಾನ ಹಾಸಿ, ಪುಳಿಯೋಗರೆ, ಚಟ್ನಿಪುಡಿ, ಗೋಂಗೂರ ಪಚ್ಚಡಿ ಹಂಚಿಕೊಂಡು ತಿಂದೆವು. ಊಟದ ಖುಷಿಯಲ್ಲಿ ಬೆಳಗಿನ ಕಳವಳವೆಲ್ಲ ಮರೆತುಹೋಯಿತು. ವಾಪಸು ಹೋಗೋಣ ಎಂದು ಯಾರಾದರೂ ಅಂದಿದ್ದರೆ ಒಪ್ಪುತ್ತಿದ್ದೆನೋ ಏನೋ. ಯಾರೂ ಅನ್ನಲಿಲ್ಲ. ನಾನೇ, ಇಷ್ಟು ದೂರ ಬಂದು ಜಲಪಾತ ನೋಡದೆ ಹೋಗುವುದೇ ಎಂದು ಎಲ್ಲರನ್ನೂ ಎಬ್ಬಿಸಿದೆ.

ಆ ಜಾಗ ಹೇಗಿದೆ ಎಂದು ಹೇಳಬೇಕು. ರಸ್ತೆಯ ಪಕ್ಕದಲ್ಲಿ ಒಂದು ಚಹಾ ಅಂಗಡಿ, ತಗಡಿನ ಚಪ್ಪರ, ಒಂದು ಬಿದಿರಿನ ಗೇಟು. ಗೇಟಿನಿಂದ ಬಂಡೆಯಲ್ಲಿ ಕಡಿದ ಕಡಿದಾದ ಮೆಟ್ಟಿಲುಗಳು. ಗೇಟಿನ ಪಕ್ಕದ ಮರಕ್ಕೆ ಒಂದು ದಪ್ಪ ಹಗ್ಗ ಕಟ್ಟಿ ಮೆಟ್ಟಿಲ ಉದ್ದಕ್ಕೂ ಇಳಿಬಿಟ್ಟಿದ್ದಾರೆ. ಅದನ್ನು ಹಿಡಿದು ಇಳಿಯಬೇಕು, ಅದನ್ನು ಹಿಡಿದೇ ಹತ್ತಬೇಕು. ಅರ್ಧ ದಾರಿಯಲ್ಲಿ ಒಂದು ಹೆಬ್ಬಂಡೆಯನ್ನು ಸುತ್ತಿ ತಿರುವು. ಆ ತಿರುವಿನ ಆಚೆ ನೀರು ಬೀಳುವ ಮಡು. ಗೇಟಿನಲ್ಲಿ ನಿಂತವರಿಗೆ ಮಡು ಕಾಣುವುದಿಲ್ಲ, ಅದರ ಸದ್ದು ಮಾತ್ರ ಕೇಳುತ್ತದೆ.

ಗೇಟು ಕಾಯುವವನು ಪಕ್ಕದ ಹಳ್ಳಿಯ ನಡುವಯಸ್ಸಿನ ಮನುಷ್ಯ. ಅವನ ಕೊರಳಲ್ಲಿ ಸೀಟಿ, ಕೈಯಲ್ಲಿ ಬ್ಯಾಟರಿ ಮೈಕು. ಅರ್ಧ ಗಂಟೆ ಸಾರ್, ಮೋಡ ಚೆನ್ನಾಗಿಲ್ಲ, ಸೀಟಿ ಊದಿದರೆ ತಕ್ಷಣ ಬರಬೇಕು ಎಂದು ತೆಲುಗಿನಲ್ಲಿ ಎಚ್ಚರಿಸಿದ. ನಾನು ಅವನಿಗಿಂತ ದೊಡ್ಡವನಂತೆ ತಲೆಯಾಡಿಸಿ ಬಿಲ್ಲೆ ಹಂಚಿದೆ. ಹೆಂಡತಿ, ಮಗಳು, ಭಾವ, ಭಾವನ ಹೆಂಡತಿ, ಮಾವ. ಐದು. ಕಾಯುವವನು ಒಳಗೆ ಇಳಿಯಬಾರದು ಎಂಬುದು ನಮ್ಮ ಕಾರ್ಖಾನೆಯ ನಿಯಮ, ಹಾಗಾಗಿ ನಾನು ಮೇಲೆ ಉಳಿದೆ. ಮೊಣಕಾಲು ನೋವಿನ ಅತ್ತೆಯೂ ಚಪ್ಪರದಲ್ಲಿ ಕೂತರು. ಡಬ್ಬಿಯನ್ನು ಅವರ ಪಕ್ಕದ ಬೆಂಚಿನ ಮೇಲೆ ಇಟ್ಟೆ.

ಮಾವನ ವಯಸ್ಸಿಗೆ ಆ ಮೆಟ್ಟಿಲು ಬೇಡ ಎಂದು ಅತ್ತೆ ಅಂದರು. ಅವರು ಬಿಲ್ಲೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ‘ನೀರು ನೋಡೋಕೆ ನನಗೆ ಇನ್ನೊಬ್ಬರ ಪರ್ಮಿಶನ್ ಬೇಕಾ?’ ಎಂದು ನಗುತ್ತ ಹಗ್ಗ ಹಿಡಿದರು.

ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಸದ್ದು ಬದಲಾಯಿತು. ಅಲ್ಲಿಯವರೆಗೆ ಕೇಳುತ್ತಿದ್ದದ್ದು ನೀರು ಬೀಳುವ ಸದ್ದು, ಈಗ ಅದರ ಅಡಿಯಲ್ಲಿ ಏನೋ ಉರುಳುವ ಸದ್ದು. ಕಾವಲಿನವನು ನನಗಿಂತ ಮೊದಲೇ ಕೇಳಿಸಿಕೊಂಡು ಎದ್ದು ಸೀಟಿ ಊದಿದ. ಅದೇ ಹೊತ್ತಿಗೆ ಮಳೆಯೂ ಹೊಯ್ಯತೊಡಗಿತು. ಡ್ರೈವರು ಓಡಿ ಬಂದು, ಘಾಟಿಯಲ್ಲಿ ಮಣ್ಣು ಜರುಗುತ್ತದೆ, ಈಗಲೇ ಹೊರಡದಿದ್ದರೆ ಇಲ್ಲೇ ಸಿಕ್ಕಿಬೀಳುತ್ತೇವೆ ಎಂದು ನನ್ನ ಮೇಲೆ ರೇಗಿದ. ನಾನು ಅವನ ಮೇಲೆ ರೇಗಿದೆ. ಹಾಗೆ ಜಗಳವಾಡುತ್ತ ಗೇಟಿಗೆ ಬೆನ್ನು ಹಾಕಿ ನಿಂತಿದ್ದೆ. ನನ್ನ ಹಿಂದೆ ಜನ ಮೇಲೆ ಬರುವುದು, ಏದುಸಿರು, ಅಯ್ಯೋ ಅಮ್ಮಾ, ಚಪ್ಪಲಿಯ ಚಪ್ ಚಪ್ ಎಲ್ಲ ಕೇಳುತ್ತಿತ್ತು. ಡಬ್ಬಿಗೆ ಬಿಲ್ಲೆ ಬಿತ್ತು, ಟಣ್. ಸ್ವಲ್ಪ ಬಿಟ್ಟು ಟಣ್ ಟಣ್, ಒಂದರ ಹಿಂದೆ ಒಂದು, ಒಂದೇ ಕೈಯಿಂದ ಬಿದ್ದ ಹಾಗೆ. ಆಮೇಲೆ ಇನ್ನೆರಡು, ಬಿಡಿಬಿಡಿಯಾಗಿ.

ಆ ಜೋಡಿ ಸದ್ದು ನನ್ನ ಕಿವಿಗೆ ಬಿತ್ತು. ಬೀಳಲಿಲ್ಲ ಎಂದು ನಾನು ಯಾರ ಮುಂದೆಯೂ ಹೇಳಲಾರೆ. ಕಾರ್ಖಾನೆಯಲ್ಲಿ ಚಹಾದ ಹೊತ್ತಿಗೆ ಕೇಳುವ ಸದ್ದು ಅದೇ.

ಕಾವಲಿನವನು ಮೈಕನ್ನು ನನ್ನ ಕೈಗಿಟ್ಟ. ನಿಮ್ಮವರನ್ನು ನಿಮ್ಮ ಭಾಷೆಯಲ್ಲಿ ಕೂಗಿ ಸಾರ್ ಎಂದ. ಅವನೇ ಗುಂಡಿ ಒತ್ತಿ ಕೊಟ್ಟಿದ್ದ. ನಾನು ಮೈಕನ್ನು ಬಾಯಿಯ ಹತ್ತಿರ ತಂದು, ಕೂಗುವ ಮೊದಲು ಡಬ್ಬಿಯೊಳಗೆ ನೋಡಿದೆ. ಐದು ಬಿಲ್ಲೆ. ಇನ್ನೊಂದು ಸಲ ಎಣಿಸಿದೆ. ಐದೇ.

‘ಕಿಂದ ಎವರೈನಾ ಉನ್ನಾರಾ ಸಾರ್?’ ಕೆಳಗೆ ಯಾರಾದರೂ ಇದ್ದಾರಾ ಎಂದು ಅವನು ಕೇಳಿದ.

‘ಅಂದರೂ ವಚ್ಚೇಶಾರು. ಕಿಂದ ಎವರೂ ಲೇರು’ ಎಂದೆ. ಎಲ್ಲರೂ ಬಂದಾಯಿತು, ಕೆಳಗೆ ಯಾರೂ ಇಲ್ಲ. ಮೈಕು ಇನ್ನೂ ಬಾಯಿಯ ಮುಂದೆಯೇ ಇತ್ತು. ನನ್ನ ದನಿ ಆ ಕಣಿವೆಯಲ್ಲೆಲ್ಲ ಮೊಳಗಿ, ಎದುರಿನ ಬಂಡೆಗೆ ಬಡಿದು ವಾಪಸು ಬಂತು. ಎವರೂ ಲೇರು. ಅವನು ಸರಸರನೆ ಹಗ್ಗವನ್ನು ಮೇಲಕ್ಕೆ ಎಳೆದು, ಸುರುಳಿ ಸುತ್ತಿ, ಗೇಟಿಗೆ ಬೀಗ ಹಾಕಿದ. ನೀರು ಏರಿದಾಗ ಹಗ್ಗ ಕೆಳಗೆ ಬಿಟ್ಟರೆ ಕೊಚ್ಚಿಕೊಂಡು ಹೋಗುತ್ತದೆ, ಹಗ್ಗ ಕಂಡರೆ ಇನ್ಯಾರೋ ಇಳಿಯುತ್ತಾರೆ. ಅವನದು ಸರಿಯಾದ ಕೆಲಸವೇ.

ಎಲ್ಲರೂ ಚಪ್ಪರದಲ್ಲಿ ಒದ್ದೆಯಾಗಿ ಮುದುರಿ ನಿಂತಿದ್ದರು. ಭಾವನ ಹೆಂಡತಿ ಮೆಟ್ಟಿಲಲ್ಲಿ ಜಾರಿ ಮಂಡಿ ತರಚಿಕೊಂಡಿದ್ದರು, ಭಾವ ಅವರನ್ನು ಸಮಾಧಾನ ಮಾಡುತ್ತಿದ್ದರು. ಹೊರಡುವ ಮುಂಚೆ ಬಿಸಿಯಾಗಿ ಏನಾದರೂ ಬೀಳಲಿ ಎಂದು ನಾನು ಏಳು ಚಹಾ ಹೇಳಿದೆ. ಅಂಗಡಿಯವಳು ತಟ್ಟೆಯಲ್ಲಿ ಏಳು ಲೋಟ ತಂದಳು. ಆರು ಕೈಗಳು ಆರು ಲೋಟ ತೆಗೆದುಕೊಂಡವು. ತಟ್ಟೆ ಹಿಡಿದುಕೊಂಡು ಅವಳು ನಿಂತೇ ಇದ್ದಳು.

‘ಅವರೆಲ್ಲಿ?’ ಎಂದರು ಅತ್ತೆ.

‘ಅಣ್ಣನ ಜೊತೆ ಬಂದ್ರಲ್ಲ’ ಎಂದಳು ನನ್ನ ಹೆಂಡತಿ.

‘ಇಲ್ಲವೇ, ಪಾಪು ಕೈ ಹಿಡ್ಕೊಂಡು ಮುಂದೆ ಹೋದ್ರು ಅಂದ್ಕೊಂಡೆ ನಾನು’ ಎಂದರು ಭಾವ.

ಎಲ್ಲರೂ ಮಗಳ ಕಡೆ ತಿರುಗಿದರು. ಅವಳಿಗೆ ಒಂಬತ್ತು ವರ್ಷ. ಚಹಾ ಊದುತ್ತಿದ್ದವಳು ತಲೆಯೆತ್ತಿ, ‘ತಾತ ಹಿಂದೆ ಬರ್ತೀನಿ ಅಂದ್ರು. ಬಿಲ್ಲೆ ಕೊಟ್ಟು ಕಳಿಸಿದ್ರು. ನಾನೇ ಹಾಕ್ದೆ’ ಎಂದಳು. ತನಗೆ ಹೇಳಿದ ಕೆಲಸ ಸರಿಯಾಗಿ ಮಾಡಿದ್ದೇನೆ ಎಂಬ ಧೈರ್ಯ ಅವಳ ಮುಖದಲ್ಲಿತ್ತು. ನಮ್ಮ ಮುಖ ನೋಡಿ ಅದು ಇಳಿಯಿತು.

ನಾನು ಗೇಟಿಗೆ ಓಡಿದೆ. ಕಾವಲಿನವನು ನನ್ನನ್ನು ನೋಡಿದ ರೀತಿಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ‘ಮೀರೇ ಕದಾ ಚೆಪ್ಪಾರು’ ಎಂದ, ನೀವೇ ತಾನೇ ಹೇಳಿದ್ದು ಎಂದು. ಕೋಪವಿರಲಿಲ್ಲ, ಬರೀ ದಿಗ್ಭ್ರಮೆ. ಬೀಗ ತೆಗೆದು, ಹಗ್ಗ ಬಿಟ್ಟು, ಅವನೂ ನಾನೂ ಭಾವನೂ ಇಳಿದೆವು. ತಿರುವಿನ ತನಕ ಮಾತ್ರ ಹೋಗಲು ಆಯಿತು. ತಿರುವಿನ ಆಚೆ ಮೆಟ್ಟಿಲೇ ಇರಲಿಲ್ಲ. ಕೆಂಪು ನೀರು, ಅದರಲ್ಲಿ ಬುಡ ಸಮೇತ ಕಿತ್ತು ಬಂದ ಗಿಡಗಳು, ತಿರುಗುವ ನೊರೆ. ‘ಮಾವಾರ! ಮಾವಾರ!’ ಎಂದು ಮೈಕಿನಲ್ಲಿ ಕೂಗಿದೆ. ಆ ಸದ್ದಿನಲ್ಲಿ ಉತ್ತರ ಬಂದರೂ ಕೇಳುವಂತಿರಲಿಲ್ಲ. ಕಾವಲಿನವನು ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಎರಡು ಸಲ ಪ್ರಯತ್ನಿಸಿದ, ಎರಡು ಸಲವೂ ನೀರು ಅವನನ್ನು ಬಂಡೆಗೆ ಎತ್ತಿ ಒಗೆಯಿತು. ಮೂರನೆಯ ಸಲ ಹೋಗುತ್ತೇನೆ ಎಂದವನನ್ನು ಭಾವ ಹಿಡಿದು ನಿಲ್ಲಿಸಿದರು. ಫೋನಿಗೆ ಸಿಗ್ನಲ್ ಇರಲಿಲ್ಲ. ಡ್ರೈವರು ಸಹಾಯ ಕರೆತರಲು ಗಾಡಿ ತೆಗೆದುಕೊಂಡು ಹೋದ. ಮೇಲೆ ಅತ್ತೆ ಅಳುತ್ತಿರಲಿಲ್ಲ. ಆ ಏಳನೆಯ ಲೋಟವನ್ನು ಕೈಯಲ್ಲಿ ಹಿಡಿದು ಅದರ ಮೇಲೆ ಸೆರಗು ಮುಚ್ಚಿಕೊಂಡು ಕೂತಿದ್ದರು, ಆರದಿರಲಿ ಎಂದು. ನಾನು ಅವರ ಎದುರು ಹೋಗಲಿಲ್ಲ.

ಸುಮಾರು ಎರಡು ಗಂಟೆ ಹಾಗೆಯೇ ಕಳೆಯಿತು. ಆ ಎರಡು ಗಂಟೆಯಲ್ಲಿ ನಾನು ದೇವರಿಗೆ ಏನೇನು ಹರಕೆ ಹೊತ್ತೆನೋ ನೆನಪಿಲ್ಲ. ಅಪ್ಪನ್ನನಿಗೂ ಹೊತ್ತೆ, ಬೆಳಿಗ್ಗೆ ಕ್ಯೂ ಎಂದು ಮುಂದೂಡಿದ ದೇವರಿಗೇ.

ಮಾವ ಸಿಕ್ಕಿದ್ದು ನಮ್ಮ ಕಡೆಯಿಂದ ಅಲ್ಲ, ಆಚೆಯ ದಡದಿಂದ. ಅಲ್ಲಿನ ಕಾಫಿ ತೋಟದ ಕಡೆಯಿಂದ ಹಳ್ಳಿಯ ಏಳೆಂಟು ಜನ ಹಗ್ಗ, ಬಿದಿರು ಹಿಡಿದು ಇಳಿಯುತ್ತಿರುವುದು ಮಳೆಯ ನಡುವೆ ಕಂಡಿತು. ಅವರ ಜೊತೆಗೆ ಪೇಟೆಯ ಬಟ್ಟೆ ತೊಟ್ಟ ಗಂಡ ಹೆಂಡತಿ. ಹಳ್ಳಿಯವರು ನೀರಿಗೆ ಅಡ್ಡಲಾಗಿ ಬಿದಿರು ಚಾಚಿ, ಬಂಡೆಯ ಸಂದಿಯಿಂದ ಒಂದು ಬಿಳಿ ಅಂಗಿಯನ್ನು ಮೇಲೆತ್ತಿದರು. ಅಂಗಿಯೊಳಗೆ ಮನುಷ್ಯ ಇದ್ದರು. ಅವರ ಕೈ ಅಲುಗಿತು. ಭಾವ ನನ್ನ ಹೆಗಲು ಹಿಡಿದುಕೊಂಡು ಮಗುವಿನ ಹಾಗೆ ಅತ್ತುಬಿಟ್ಟರು.

ಕೆಳಗೆ ನಡೆದದ್ದು ಇಷ್ಟು. ಮಡುವಿನ ಮಧ್ಯದ ಚಪ್ಪಟೆ ಬಂಡೆಯ ಮೇಲೆ, ನಮಗಿಂತ ಮೊದಲೇ ತೋಟದ ದಾರಿಯಿಂದ ಬಂದಿದ್ದ ಆ ಗಂಡ ಹೆಂಡತಿ ಫೋಟೋ ತೆಗೆದುಕೊಳ್ಳುತ್ತಿದ್ದರು. ನೀರಿನ ಬಣ್ಣ ತಿರುಗಿದ್ದನ್ನು, ಹಸಿ ಎಲೆ ತೇಲಿ ಬರುವುದನ್ನು ಮಾವ ನೋಡಿದರು. ಸೀಟಿ ಕೇಳಿ ನಮ್ಮವರೆಲ್ಲ ಹೊರಟರು, ಆ ಇಬ್ಬರು ಹೊರಡಲಿಲ್ಲ. ಮಾವ ತಮ್ಮ ಬಿಲ್ಲೆಯನ್ನು ಮೊಮ್ಮಗಳ ಕೈಯಲ್ಲಿಟ್ಟು, ‘ಇದನ್ನೂ ಹಾಕಿಬಿಡಮ್ಮಾ, ಇಲ್ಲಾಂದ್ರೆ ನಿಮ್ಮ ನಾನ್ನ ಗಾಬರಿ ಬೀಳ್ತಾರೆ’ ಎಂದು ಹೇಳಿ ಕಳಿಸಿದರು. ನನಗೆ ಗಾಬರಿಯಾಗದಿರಲಿ ಎಂದು. ಆಮೇಲೆ ಬ್ಯಾರೇಜಿನ ಮೇಲೆ ಮೂವತ್ತು ವರ್ಷ ಮಾಡಿದ್ದನ್ನೇ ಮಾಡಿದರು. ಬಂಡೆಯ ತನಕ ಹೋಗಿ, ಕೈ ಹಿಡಿದೆಳೆದು, ಬೈದು, ಆ ಇಬ್ಬರನ್ನೂ ಆಚೆ ದಡಕ್ಕೆ ಹತ್ತಿಸಿದರು. ಆ ಏರು ಮಾವನ ಮೊಣಕಾಲಿಗೆ ಆಗುವಂಥದ್ದಲ್ಲ. ಹಗ್ಗ ಇದೆಯಲ್ಲ ಎಂದು ಈಚೆಗೆ ತಿರುಗಿ ಬಂದರು. ಬಂದು ನೋಡಿದರೆ ಹಗ್ಗವಿರಲಿಲ್ಲ. ಹಗ್ಗವಿಲ್ಲದ ಬಂಡೆಯಲ್ಲಿ, ತಿರುವಿನಿಂದ ಕಾಣದ ಸಂದಿಯೊಂದರಲ್ಲಿ ಬೇರು ಹಿಡಿದು, ಸೊಂಟದ ತನಕ ನೀರಿನಲ್ಲಿ, ಆ ಇಬ್ಬರು ಹಳ್ಳಿಗೆ ಓಡಿ ಜನ ಕರೆತರುವ ತನಕ ನಿಂತಿದ್ದರು.

ಅವರ ಎಡಗೈಯ ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ.

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮಗಳು ಮಾತ್ರ ಅಪರಾಧ ತನ್ನದೇ ಎಂದು ತಿಂಗಳುಗಟ್ಟಲೆ ನಂಬಿದ್ದಳು. ನಿನ್ನದಲ್ಲ ಎಂದು ಎಷ್ಟು ಹೇಳಿದರೂ, ಹಾಗಾದರೆ ಯಾರದು ಎಂದು ಅವಳು ಕೇಳುತ್ತಿದ್ದಳು, ಮತ್ತು ನಾನು ಮಾತು ಬದಲಿಸುತ್ತಿದ್ದೆ. ಕಾರ್ಖಾನೆಯಲ್ಲಿ ನನಗೆ ಸಹಿ ಹಾಕುವುದೇ ಕಷ್ಟವಾಯಿತು. ಹಲಗೆ ಖಾಲಿ ಇದ್ದರೂ ಟ್ಯಾಂಕಿನ ಬಾಯಿಗೆ ಮೊಣಕಾಲೂರಿ, ತಲೆ ಒಳಗೆ ಹಾಕಿ, ಟಾರ್ಚು ಬಿಟ್ಟು ಕೂಗುತ್ತೇನೆ. ಕೂಗಿದ್ದು ಕಬ್ಬಿಣಕ್ಕೆ ಬಡಿದು ವಾಪಸು ಬರುತ್ತದೆ, ಆ ಕಣಿವೆಯಲ್ಲಿ ಬಂದ ಹಾಗೆಯೇ. ಆಮೇಲೆ ಇಳಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮುಖ ನೋಡುತ್ತೇನೆ. ಸಾಹೇಬರಿಗೆ ಏನೋ ಆಗಿದೆ ಎಂದು ಹುಡುಗರು ನಗುತ್ತಾರೆ. ಹಳೆಯ ಆ ವರದಿಯನ್ನೂ ಕೊನೆಗೆ ಬರೆದು ಕೊಟ್ಟೆ. ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಮೇಲಿನವರು ಕೇಳಿದರು.

ಮುಂದಿನ ಸಂಕ್ರಾಂತಿಗೆ ಭವಾನಿಪುರಂಗೆ ಹೋದಾಗ, ಸಂಜೆ ಮಾವನ ಜೊತೆ ನದಿಯ ದಡಕ್ಕೆ ನಡೆದೆ. ನದಿಯ ನಡುವಿನ ದ್ವೀಪಕ್ಕೆ ಹೋಗುವ ದೋಣಿಗೆ ಜನ ಹತ್ತುತ್ತಿದ್ದರು. ಮಾವ ಕಟ್ಟೆಯ ಮೇಲೆ ಕೂತು ಎಂದಿನ ಹಾಗೆ ನೀರು ನೋಡುತ್ತಿದ್ದರು. ಅವತ್ತು ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ.

‘ಮಾವಾರ, ಎರಡು ಬಿಲ್ಲೆ ಒಮ್ಮೆಲೇ ಬಿದ್ದದ್ದು ನನಗ ಕೇಳಿಸಿತ್ರಿ. ಒಂದು ಕೈ ಎರಡು ಬಿಲ್ಲೆ ಹಾಕೇದ ಅಂತ ಗೊತ್ತಾತು. ಹಿಂದ ತಿರುಗಿ ನೋಡಿದ್ರ ಸಾಕಿತ್ತು. ನಾ ನೋಡಲಿಲ್ಲ.’

ಅವರು ನೀರಿನಿಂದ ಕಣ್ಣು ತೆಗೆಯಲಿಲ್ಲ. ಕೋಪ ಮಾಡಿಕೊಳ್ಳುತ್ತಾರೆ ಎಂದು ಕಾದೆ. ಮಾಡಿಕೊಳ್ಳಲಿ ಎಂದೇ ಆಸೆ ಪಟ್ಟೆ.

‘ನನಗೂ ಒಂದು ಕೇಳಿಸ್ತು’ ಎಂದರು ಕೊನೆಗೆ. ‘ಯಾರಿಗೂ ಹೇಳಿಲ್ಲ ನಾನು. ನಿಮ್ಮ ಅತ್ತೆಗೂ ಹೇಳಿಲ್ಲ.’

‘ಏನ್ರಿ?’

‘ಮೈಕಲ್ಲಿ ನಿಮ್ಮ ದನಿ ಬಂತಲ್ಲ, ಎವರೂ ಲೇರು ಅಂತ. ಇದ್ದೀನಪ್ಪಾ ಅಂತ ಕೂಗಬೇಕು ಅಂತ ಬಾಯಿ ತೆಗೆದೆ.’ ಬಲಗೈಯಿಂದ ಆ ಎರಡು ಬೆರಳನ್ನು ಮೆಲ್ಲಗೆ ಒತ್ತಿಕೊಂಡರು. ‘ಆದ್ರೆ ಅಷ್ಟು ಗಟ್ಟಿಯಾಗಿ ಹೇಳಿದ್ರಿ ಅಳಿಯಗಾರೂ, ಒಂದು ನಿಮಿಷ ನಾನೂ ನಂಬಿಬಿಟ್ಟೆ.’

ದೋಣಿ ಹೊರಟಿತು. ಮಾವ ಅದರಲ್ಲಿದ್ದ ತಲೆಗಳನ್ನು ಎಣಿಸುತ್ತಿದ್ದರು. ಅವರು ಎಣಿಸಿ ಮುಗಿಸುವ ತನಕ ನಾನು ತಲೆ ತಗ್ಗಿಸಿ ಪಕ್ಕದಲ್ಲಿ ಕೂತಿದ್ದೆ.